ನಾಳೆ ಅಂದಿದ್ದೆ

ಮಕ್ಕಳೇ, ಈಜು, ಸೈಕಲ್, ಓಟ ಈ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಸ್ಪರ್ಧೆಯೇ ಟ್ರಯಥ್ಲಾನ್. 2000ರಲ್ಲಿ ಸಿಡ್ನಿ ಒಲಿಂಪಿಕ್ಸ್‌ಗೆ ಸೇರಿತು. ಅಲ್ಲಿ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ.

ಎಪ್ಪತ್ತು ದಾಟಿದ ನಾನು ಮತ್ತು ಬಬಲೇಶ್ವರದ ಗೆಳೆಯ ನಮ್ಮ ಕೈಲಾದಷ್ಟು ಮಾಡಿದೆವು. ಅದಕ್ಕೆ ಕಾರಣ, ನಮ್ಮ ಜೊತೆ ಬ್ಯಾಂಕಿನಲ್ಲಿದ್ದ ತಿಕೋಟಾದ ಗೆಳೆಯ. ತನ್ನ ಹೊಲದ ಬಾವಿಯಲ್ಲಿ ನಮ್ಮಿಬ್ಬರಿಗೂ ಈಜು ಕಲಿಸಿದವನು. ನಿವೃತ್ತಿಯಾದ ಮೇಲೆ, “ಮೂವರೂ ಕೂಡಿ ಟ್ರಯಥ್ಲಾನ್ ಮಾಡೂಣು ಬರ್ರೋ” ಎಂದು ಕರೆಯುತ್ತಲೇ ಇದ್ದ. “ನಾಳೆ ನೋಡೂಣಪಾ” ಎನ್ನುತ್ತಲೇ ಬಂದೆ. ಹೋದ ವರ್ಷ ಅವನು ತೀರಿಕೊಂಡ.

ಮೊದಲ ಪುಣ್ಯತಿಥಿಯ ನಸುಕಿನಲ್ಲಿ ಅದೇ ಬಾವಿಗೆ ಇಳಿದೆವು. ದಂಡೆಯಲ್ಲಿ ಅವನ ಮಗ ಹಗ್ಗ ಹಿಡಿದು ನಿಂತಿದ್ದ. ಇಪ್ಪತ್ತು ಸುತ್ತಿಗೆ ಏದುಸಿರು ಬಂತು. ಮೇಲೆ ಬಂದಾಗ ಅವನ ಹೆಂಡತಿ ಚಹಾ ಕೊಟ್ಟು, “ಅವರ ಸೈಕಲ್ ತಗೊಂಡು ಹೋಗ್ರಿ ಅಣ್ಣಾರ” ಎಂದರು.

ಅವನು ನನಗಿಂತ ಎತ್ತರ. ಸೀಟು ಇಳಿಸಲು ಮನಸ್ಸು ಬರಲಿಲ್ಲ. ತುದಿಗಾಲಲ್ಲೇ ತುಳಿದು, ಸುಮಾರು 20 ಕಿ.ಮೀ. ದೂರದ ವಿಜಯಪುರ ಮುಟ್ಟಿದೆ. ಗೆಳೆಯ ಪಕ್ಕದಲ್ಲೇ ಇದ್ದ. ಇಬ್ರಾಹಿಂ ರೋಜಾ ಬಳಿ ಸೈಕಲ್ ಬಿಟ್ಟು, ಊರಿನ ಇನ್ನೊಂದು ತುದಿಯ ಗೋಳಗುಮ್ಮಟದವರೆಗೆ ನಡೆದೆವು. ಓಡಲು ಮೊಣಕಾಲು ಒಪ್ಪಲಿಲ್ಲ.

ಕೂತು ಕೂತು ಮೆಟ್ಟಿಲು ಹತ್ತಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಅವನ ಹೆಸರು ಕೂಗಿದೆ. ಗುಮ್ಮಟ ಮತ್ತೆ ಮತ್ತೆ ಅದನ್ನೇ ಕೂಗಿತು. “ಓ” ಅನ್ನುವವನು ಮಾತ್ರ ಇರಲಿಲ್ಲ.

ಗೆಳೆಯ ಕರೆದರೆ ಇವತ್ತೇ ಹೋಗಿ, ಮಕ್ಕಳೇ.