ಅರ್ಧ ಅಂಕದ ಸಂಪಾದನೆ

ಸೋಲು ಗೆಲುವುಗಳನ್ನು ಬಣ್ಣಿಸುವ ಮಾತುಗಳಿಗೆ ನಮ್ಮಲ್ಲಿ ಬರವಿಲ್ಲ. ಆದರೆ ಚದುರಂಗದಲ್ಲಿ ಇಬ್ಬರೂ ಅರ್ಧರ್ಧ ಅಂಕ ಹಂಚಿಕೊಂಡು ಏಳುವ ಮೂರನೆಯ ಸ್ಥಿತಿಗೆ 'ಡ್ರಾ' ಎಂಬ ಪರದೇಶದ ಪದವೇ ಗತಿ. ಜನ ಅದನ್ನು ಆಟವೆಂದೇ ಎಣಿಸುವುದಿಲ್ಲ. "ಯಾರು ಗೆದ್ದಿರಿ?" ಎಂದು ಕೇಳಿದ ಮನೆಯಾಕೆಗೆ "ಯಾರೂ ಇಲ್ಲ" ಎಂದರೆ, "ಹಾಗಾದರೆ ಮೂರು ಗಂಟೆ ಮಾಡಿದ್ದೇನು?" ಎಂಬ ಮರುಪ್ರಶ್ನೆ ಸಿದ್ಧವಾಗಿರುತ್ತದೆ.

ಇದು ನಮ್ಮಂಥ ಹವ್ಯಾಸಿಗಳ ಪಾಡು ಮಾತ್ರವಲ್ಲ. 1984ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ಕಾರ್ಪೋವ್ ಮತ್ತು ಕಾಸ್ಪರೋವ್ ವಿಶ್ವಪಟ್ಟಕ್ಕಾಗಿ ಸೆಣಸತೊಡಗಿದರು. ಮೊದಲು ಆರು ಆಟ ಗೆದ್ದವರಿಗೆ ಪಟ್ಟ. ಆಡಿದ 48 ಆಟಗಳಲ್ಲಿ 40 ಡ್ರಾ ಆದವು! 1985ರ ಫೆಬ್ರುವರಿಯಲ್ಲಿ ತೀರ್ಪಿಲ್ಲದೆಯೇ ಪಂದ್ಯವನ್ನು ನಿಲ್ಲಿಸಬೇಕಾಯಿತು.

ನಮ್ಮ ಕ್ಲಬ್ಬಿನಲ್ಲಿ ಭಾನುವಾರದ ನನ್ನ ಎದುರಾಳಿ ಅಂಚೆ ಇಲಾಖೆಯಿಂದ ನಿವೃತ್ತರಾದ ರಾಯರು. ಈಚೆಗೆ ಅವರಿಗೆ ಮರೆವು ಹತ್ತಿದೆ. ಪರಿಚಿತರ ಹೆಸರುಗಳೂ ತಪ್ಪುತ್ತವೆ. ಅವರ ಮಗ ಒಂದು ದಿನ ನನ್ನನ್ನು ಬದಿಗೆ ಕರೆದು, "ಆಗಾಗ ಸೋತುಬಿಡಿ ಸಾರ್, ಅಪ್ಪನಿಗೆ ಸಂತೋಷವಾದೀತು" ಎಂದ. ನಾನು ಒಪ್ಪಲಿಲ್ಲ. ಮರುಕದಿಂದ ಸೋಲುವುದೆಂದರೆ, ಎದುರು ಕುಳಿತವರನ್ನು ಆಟದಿಂದಲೇ ಎಬ್ಬಿಸಿ ಕಳುಹಿಸಿದಂತೆ.

ಮರುವಾರದ ಆಟದ ಕೊನೆಗೆ ನನ್ನ ಕೈ ಮೇಲಾಗಿತ್ತು. ರಾಜನಲ್ಲದೆ ನನಗೆ ಒಂದು ಒಂಟೆ, ಇಬ್ಬರು ಕಾಲಾಳುಗಳು. ಅವರಿಗೆ ಉಳಿದದ್ದು ರಾಜ ಮತ್ತು ಒಂದು ಕುದುರೆ. ರಾಯರು ಬಹಳ ಹೊತ್ತು ಮಣೆಯನ್ನು ದಿಟ್ಟಿಸಿ, ನನ್ನ ನಡುಸಾಲಿನ ಕಾಲಾಳನ್ನು ಕೊಂದು, ಅದಕ್ಕೆ ಬೆಲೆಯಾಗಿ ಕುದುರೆಯನ್ನು ತೆತ್ತರು. ಒಂಟಿ ರಾಜನನ್ನು ಮೂಲೆಗೆ ನಡೆಸಿದರು. ನೋಡುತ್ತಿದ್ದವರು ಕಥೆ ಮುಗಿಯಿತೆಂದುಕೊಂಡರು. ಆದರೆ ನನ್ನ ಉಳಿದ ಕಾಲಾಳು ಅಂಚಿನ ಸಾಲಿನವನು. ಅವನು ಮಂತ್ರಿಯಾಗಬೇಕಾದ ಮೂಲೆಯ ಮನೆ ಕಪ್ಪು. ನನ್ನ ಒಂಟೆಯೋ ಬಿಳಿಯ ಮನೆಗಳಲ್ಲಷ್ಟೇ ನಡೆಯತಕ್ಕದ್ದು. ಆ ಮೂಲೆ ಹಿಡಿದ ರಾಜನನ್ನು ಕದಲಿಸುವ ಉಪಾಯ ಚದುರಂಗದಲ್ಲಿಲ್ಲ. ಮುತ್ತಿಗೆಯನ್ನು ಬಿಗಿಗೊಳಿಸಿದರೆ ಅವನಿಗೆ ಶಹವೂ ಇಲ್ಲ, ಇಡಲು ಹೆಜ್ಜೆಯೂ ಇಲ್ಲ; ನಿಯಮದಂತೆ ಅದೂ ಡ್ರಾ.

"ಡ್ರಾ ಒಪ್ಪುತ್ತೀರಾ ಮೇಷ್ಟ್ರೇ?" ಎಂದು ರಾಯರು ಕೈ ನೀಡಿದರು. ನನ್ನ ಹೆಸರು ಆ ಹೊತ್ತಿನಲ್ಲಿ ಅವರಿಗೆ ನೆನಪಿತ್ತೋ ಇಲ್ಲವೋ. ಮೂಲೆಯ ಬಣ್ಣ ಮಾತ್ರ ನೆನಪಿತ್ತು.

ನಾನು ಬೇಕೆಂದೇ ಸೋತಿದ್ದರೆ ಅವರಿಗೆ ಪೂರ್ಣ ಅಂಕ ದೊರೆಯುತ್ತಿತ್ತು. ಆದರೆ ಅದು ನಾನು ಕೊಟ್ಟ ದಾನವಾಗುತ್ತಿತ್ತು. ಈ ಅರ್ಧ ಅಂಕ ಅವರ ಸ್ವಂತ ಸಂಪಾದನೆ.