ಸೆಕ್ಷನ್ 14 ಮತ್ತು ನನ್ನ ತಮ್ಮ

ನಮ್ಮ ದೇಶದಲ್ಲಿ 18 ತುಂಬೋದಕ್ಕೆ ಯಾರೂ ಏನೂ ಮಾಡಬೇಕಾಗಿಲ್ಲ. ರಾತ್ರಿ ಮಲಗಿ ಬೆಳಿಗ್ಗೆ ಎದ್ದರೆ ಸಾಕು, ಮೇಜರ್ ಆಗಿರ್ತೀರಿ. ನನ್ನ ತಮ್ಮನೂ ಹಾಗೇ ಆದ. ಅವತ್ತು ಮನೆಯಲ್ಲಿ ಶ್ಯಾವಿಗೆ ಪಾಯಸ, ದ್ರಾಕ್ಷಿ ಹಾಕದೆ. ದ್ರಾಕ್ಷಿ ಕಂಡರೆ ಲೋಟವನ್ನೇ ದೂರ ಸರಿಸಿಬಿಡ್ತಾನೆ. ಅವನು ಎರಡು ಲೋಟ ಕುಡಿದು ಮುಗಿಸೋ ಹೊತ್ತಿಗೆ, ಕಾನೂನಿನ ಲೆಕ್ಕದಲ್ಲಿ ಅಮ್ಮ ಅವನ ಗಾರ್ಡಿಯನ್ ಆಗಿ ಉಳಿದಿರಲಿಲ್ಲ.

ತಮ್ಮನಿಗೆ ಆಟಿಸಂ. ಮಾತು ಬಹಳ ಕಡಿಮೆ. ಇರುವ ನಲವತ್ತೋ ಐವತ್ತೋ ಪದಗಳಲ್ಲಿ ಅತ್ಯಂತ ಸ್ಪಷ್ಟವಾದದ್ದು 'ಬೇಡ'. ಕುಕ್ಕರ್ ಇಟ್ಟ ತಕ್ಷಣ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋಗ್ತಾನೆ, ಮೂರನೇ ವಿಶಲ್ ಆದಮೇಲೆ ತಾನಾಗಿ ಒಳಗೆ ಬರ್ತಾನೆ. ಒಗೆದ ಬಟ್ಟೆ ಒಣಗಿಸೋದು, ಮಡಚೋದು ಅವನದೇ ಕೆಲಸ. ಬೇರೆ ಯಾರಾದರೂ ಮಡಚಿಟ್ಟರೆ ಬಿಚ್ಚಿ ಮತ್ತೆ ಮಡಚುತ್ತಾನೆ. ಸಿನಿಮಾಗಳಲ್ಲಿ ತೋರಿಸೋ ಹಾಗೆ ಯಾವ ತಾರೀಖು ಯಾವ ವಾರ ಅಂತ ಥಟ್ಟನೆ ಹೇಳುವ ಪ್ರತಿಭೆಯೆಲ್ಲ ಇಲ್ಲ. ನೆಂಟರಿಗೆ ಇದು ಸ್ವಲ್ಪ ನಿರಾಸೆಯ ವಿಷಯ.

ಅವನಿಗೆ 17 ಇದ್ದಾಗ ಅಪ್ಪ ಹೋದರು. ಅವನ ಬ್ಯಾಂಕ್ ಖಾತೆ ಮೈನರ್ ಖಾತೆಯಾಗಿತ್ತು, ಅಪ್ಪನ ಸಹಿಯಲ್ಲಿ ನಡೆಯುತ್ತಿತ್ತು. 18 ಆದಮೇಲೆ ಬ್ಯಾಂಕಿನವರು, "ಇನ್ಮೇಲೆ ಅವರೇ ಸೈನ್ ಮಾಡ್ಬೇಕು, ಇಲ್ಲಾಂದ್ರೆ ಗಾರ್ಡಿಯನ್ ಸರ್ಟಿಫಿಕೇಟ್ ತನ್ನಿ" ಅಂದರು. ಅದು ಅವರ ನಿಯಮ, ತಪ್ಪೇನಿಲ್ಲ. ಅದರ ಜೊತೆಗೇ ಮನೆಯ ಪೌತಿ ಖಾತೆಯ ವಿಷಯ ಬಂತು. ಅಪ್ಪ ವಿಲ್ ಬರೆದಿರಲಿಲ್ಲ. ಅಮ್ಮ, ನಾನು, ತಮ್ಮ, ಮೂವರಿಗೂ ಪಾಲು. ಚಿಕ್ಕಪ್ಪ ಬಂದು ಕಾಫಿ ಕುಡಿಯುತ್ತಾ, "ಅವನದೊಂದು ಹೆಬ್ಬೆಟ್ಟು ಒತ್ತಿಸಿ ಎಲ್ಲ ನಿಮ್ಮ ಹೆಸರಿಗೇ ಮಾಡಿಸ್ಕೊಂಬಿಡಿ ಅತ್ತಿಗೆ, ಅವನಿಗೆ ಏನು ಗೊತ್ತಾಗತ್ತೆ?" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ, ಅಮ್ಮನಿಗೆ ಓಡಾಟ ತಪ್ಪಲಿ ಅಂತ ಹೇಳಿದ್ದು. ಆದರೆ ಇಂದು ಅಮ್ಮನಿಗಾಗಿ ಒತ್ತುವ ಹೆಬ್ಬೆಟ್ಟನ್ನು ನಾಳೆ ಇನ್ನೊಬ್ಬರಿಗಾಗಿಯೂ ಒತ್ತಿಸಬಹುದಲ್ಲ?

ಹಾಗಾಗಿ ನಾನು ಕಾಯ್ದೆಗಳನ್ನು ಓದೋಕೆ ಕೂತೆ. ಓದಿದಷ್ಟೂ, ಹಿಂದಿನ ತಲೆಮಾರಿನ ಅಪ್ಪ ಅಮ್ಮಂದಿರ ಬಗ್ಗೆ ಗೌರವ ಹೆಚ್ಚಾಯಿತು. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು, ಆಟಿಸಂ ಎನ್ನುವ ಪದವೇ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲ ಅಂದ ಮೇಲೆ ಆ ಕಾಯ್ದೆಯ ಯಾವ ಸವಲತ್ತೂ ಇಲ್ಲ. ದೆಹಲಿಯಲ್ಲಿ 1991ರಲ್ಲೇ ಆಕ್ಷನ್ ಫಾರ್ ಆಟಿಸಂ ಸಂಸ್ಥೆ ಕಟ್ಟಿದ ಮೇರಿ ಬರುವಾ ಅವರೂ ಆಟಿಸಂ ಇರುವ ಮಗನ ತಾಯಿಯೇ. ಅಂಥವರು ಅಲೆದು, ಬರೆದು, ಕೂಗಿದ ಮೇಲೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಹೆಸರಿನಲ್ಲೇ ಆಟಿಸಂ ಬಂತು. 2016ರ ಹಕ್ಕುಗಳ ಕಾಯ್ದೆಯಲ್ಲಿ ಏಳು ಇದ್ದದ್ದು 21 ಆಯ್ತು, ಅದರಲ್ಲೂ ಸೇರಿತು. ಒಂದು ಪದ ಸೇರಿಸೋಕೆ ಇಷ್ಟು ವರ್ಷ.

ತಮಾಷೆ ಏನು ಗೊತ್ತಾ? ಎರಡೂ ಕಾಯ್ದೆಗಳಲ್ಲಿ ಗಾರ್ಡಿಯನ್ ವಿಷಯ ಬರೋದು ಸೆಕ್ಷನ್ 14ರಲ್ಲೇ. ಆದರೆ ಎರಡು 14ಗಳಿಗೂ ಪರಸ್ಪರ ಮಾತುಕತೆ ಇದ್ದ ಹಾಗಿಲ್ಲ. 1999ರ ಕಾಯ್ದೆಯಲ್ಲಿ ಜಿಲ್ಲಾ ಮಟ್ಟದ ಒಂದು ಸಮಿತಿ ಗಾರ್ಡಿಯನ್ನನ್ನು ನೇಮಿಸುತ್ತದೆ, ಆ ಗಾರ್ಡಿಯನ್ ವ್ಯಕ್ತಿಯನ್ನೂ ಆಸ್ತಿಯನ್ನೂ ನೋಡಿಕೊಳ್ಳಬೇಕು. 2016ರ ಕಾಯ್ದೆ ಬರುವ ಹೊತ್ತಿಗೆ ಕಾಲ ಬದಲಾಗಿತ್ತು. ಅಂಗವಿಕಲರೂ ಕಾನೂನಿನ ಮುಂದೆ ಎಲ್ಲರಂತೆ ಪೂರ್ಣ ವ್ಯಕ್ತಿಗಳು ಅನ್ನುವ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 2007ರಲ್ಲೇ ಒಪ್ಪಿತ್ತು. ಹಾಗಾಗಿ ಅದರಲ್ಲಿ ಇರೋದು 'ಸೀಮಿತ' ಗಾರ್ಡಿಯನ್‌ಶಿಪ್. ಒಂದು ನಿರ್ದಿಷ್ಟ ತೀರ್ಮಾನಕ್ಕೆ, ಒಂದು ನಿರ್ದಿಷ್ಟ ಅವಧಿಗೆ, ಇಬ್ಬರೂ ಸೇರಿ, ಆ ವ್ಯಕ್ತಿಯ ಇಚ್ಛೆಯಂತೆ. ಓದೋಕೆ ಎಷ್ಟು ಚೆನ್ನಾಗಿದೆ! ಆದರೆ ಬ್ಯಾಂಕಿನ ಕೌಂಟರಿನಲ್ಲಿ ನಿಂತು 'ಪರಸ್ಪರ ನಂಬಿಕೆಯಿಂದ ಜಂಟಿಯಾಗಿ ತೀರ್ಮಾನಿಸುತ್ತೇವೆ' ಅಂದು ನೋಡಿ. ಹಿಂದಿನ ಟೋಕನ್ನಿನವರು ನಗ್ತಾರೆ.

ಆದರೆ ಹಳೆಯ 14ರಲ್ಲೂ ಒಂದು ಒಳ್ಳೆಯ ಮಾತಿದೆ, ಯಾರೂ ಅಷ್ಟಾಗಿ ಗಮನಿಸಲ್ಲ. ಸಮಿತಿ ಮೊದಲು ಎರಡು ವಿಷಯ ನೋಡಬೇಕು: ಈ ವ್ಯಕ್ತಿಗೆ ಗಾರ್ಡಿಯನ್ ಬೇಕೇ, ಬೇಕಾದರೆ ಯಾವ ಉದ್ದೇಶಕ್ಕೆ. ನಮ್ಮ ಪೋಷಕರ ಗುಂಪಿನಲ್ಲಿ ಈಗಾಗಲೇ ಸರ್ಟಿಫಿಕೇಟ್ ಪಡೆದಿದ್ದ ಏಳೆಂಟು ಜನರನ್ನು ಕೇಳಿದೆ. ಯಾರ ವಿಷಯದಲ್ಲೂ ಈ ಎರಡು ಪ್ರಶ್ನೆ ಎದ್ದಿರಲಿಲ್ಲ. "ಉದ್ದೇಶ ಏನಮ್ಮಾ, ನಮ್ಮ ನಂತರ ಯಾರು ಅನ್ನೋದೇ ಉದ್ದೇಶ" ಅಂದರು ಒಬ್ಬರು. ಆ ಭಯ ನನಗೂ ಗೊತ್ತು. ಇಂಥ ಎಲ್ಲ ಮನೆಗಳಲ್ಲೂ ರಾತ್ರಿ ದೀಪ ಆರಿಸಿದ ಮೇಲೆ ಬರುವ ಪ್ರಶ್ನೆ ಅದೊಂದೇ.

ಅಮ್ಮನಿಗೂ ಅದೇ. ಅರ್ಜಿಯಲ್ಲಿ 'ಎಲ್ಲದಕ್ಕೂ' ಅಂತ ಬರೆಯಬೇಕು ಅನ್ನೋದು ಅವಳ ಹಠ. ನಾನು ಬ್ಯಾಂಕು, ಆಸ್ತಿ, ಆಸ್ಪತ್ರೆ ಇಷ್ಟು ಸಾಕು ಅಂದೆ. ಎಲ್ಲಿರಬೇಕು, ಯಾರ ಜೊತೆ ಇರಬೇಕು ಅನ್ನೋದನ್ನು ಅವನೇ ಹೇಳಬಲ್ಲ, ಹೇಳ್ತಾನೂ ಇದ್ದಾನೆ.

"ನಾನು ಅವನ ಅಮ್ಮ ಕಣೇ, ಅವನಿಗೇನು ಬೇಕು ಅಂತ ನಂಗೊತ್ತಿಲ್ವಾ?"

"ನಿಂಗೊತ್ತು. ನಿನ್ನ ನಂತರ ಆ ಕಾಗದ ಹಿಡ್ಕೊಂಡು ಬರೋರಿಗೆ ಗೊತ್ತಿರತ್ತಾ?"

"ನನ್ನ ನಂತರ ನೀನೇ ಅಲ್ವಾ?"

ಈ ಮಾತಿಗೆ ಎರಡು ದಿನ ಮನೆಯಲ್ಲಿ ಸದ್ದಿಲ್ಲ. ಹೌದು, ನಾನೇ. ಅದನ್ನು ನಾನು ಯಾವತ್ತೋ ಒಪ್ಪಿಕೊಂಡಾಗಿದೆ. ಇಬ್ಬರು ಹುಡುಗರ ಕಡೆಯವರು ಉಪ್ಪಿಟ್ಟು ತಿಂದು, 'ತಮ್ಮನ ಜವಾಬ್ದಾರಿ' ಬಗ್ಗೆ ವಿಚಾರಿಸಿ, ಆಮೇಲೆ ಫೋನ್ ಮಾಡಲಿಲ್ಲ. ಆ ಕಥೆ ಇನ್ನೊಮ್ಮೆ. ಆದರೆ ನನಗೇ ಆದರೂ ಅವನ ಮೇಲೆ ಅಷ್ಟೊಂದು ಅಧಿಕಾರ ಯಾಕೆ? ನನಗೆ ನನ್ನ ಮೇಲೆಯೇ ಅಷ್ಟು ನಂಬಿಕೆ ಇಲ್ಲ. ಮೂರನೇ ದಿನ ಅಮ್ಮ ಬೀನ್ಸ್ ಬಿಡಿಸ್ತಾ, "ಸರಿ, ನೀನು ಹೇಳಿದ್ದೇ ಬರಿ. ಆಸ್ಪತ್ರೆ ಮಾತ್ರ ಬಿಡಬೇಡ" ಅಂದಳು.

ಸಮಿತಿಯ ಮುಂದೆ ಹೋದ ದಿನ ಡಿಸಿ ಆಫೀಸಿನ ಕಾರಿಡಾರಿನಲ್ಲಿ ಎರಡೂವರೆ ಗಂಟೆ ಕಾದೆವು. ತಮ್ಮ ಶಬ್ದ ತಡೆಯುವ ಹೆಡ್‌ಫೋನ್ ಹಾಕಿಕೊಂಡು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದ. ಒಳಗೆ ಪ್ರಶ್ನೆಗಳೆಲ್ಲ ಅಮ್ಮನಿಗೆ. ವರಮಾನ ಎಷ್ಟು, ಮನೆ ಯಾರ ಹೆಸರಲ್ಲಿದೆ, 'ಹುಡುಗ ಹೊಡೀತಾನಾ'. ಕಾಯ್ದೆಯ ಪ್ರಕಾರ ಆ ಸಮಿತಿಯಲ್ಲಿ ಅಂಗವಿಕಲರೊಬ್ಬರು ಇರಲೇಬೇಕು. ಇಲ್ಲಿ ಇದ್ದವರು ಊರುಗೋಲು ಪಕ್ಕಕ್ಕೆ ಒರಗಿಸಿಕೊಂಡು ಕೂತ ಒಬ್ಬ ಹಿರಿಯರು. ಅಲ್ಲಿಯವರೆಗೆ ಸುಮ್ಮನಿದ್ದ ಅವರು, "ಅವನನ್ನೂ ಒಂದ್ಮಾತು ಕೇಳೋಣ" ಅಂದರು. ತಮ್ಮನ ಕಡೆ ತಿರುಗಿ, "ನಿನ್ನ ದುಡ್ಡನ್ನ ಅಮ್ಮ ನೋಡ್ಕೊಳ್ಲಾ?" ಅಂತ ಕೇಳಿದರು. ಕೇಳಿ ಸುಮ್ಮನೆ ಕಾದರು. ನಾನು ಬಾಯಿ ಬಿಡೋಕೆ ಹೋದರೆ ಕೈಯಲ್ಲೇ ತಡೆದರು. ಒಂದು ನಿಮಿಷ ಆಗಿರಬಹುದು, ಅಂಥ ಕೋಣೆಯಲ್ಲಿ ಒಂದು ನಿಮಿಷ ಅಂದರೆ ಬಹಳ.

"ಅಮ್ಮ. ಮನೆಗೆ" ಅಂದ ತಮ್ಮ.

ಅವರು ಅದನ್ನು ಹಾಗೇ ಬರೆದುಕೊಂಡರು. ಅವನು ಹೇಳಿದ್ದರಲ್ಲಿ ಒಪ್ಪಿಗೆ ಎಷ್ಟು, 'ಸಾಕಾಯ್ತು, ಹೋಗೋಣ' ಎಷ್ಟು, ನನಗೂ ತಿಳಿಯಲಿಲ್ಲ. ಆದರೆ ಅವನಿಗೆ ಸಂಬಂಧಪಟ್ಟ ಯಾವ ಸರ್ಕಾರಿ ಕಡತದಲ್ಲೂ ಅವನದೇ ಮಾತು ಅಂತ ಇರೋದು ಅದೊಂದೇ. ಅಂಗವೈಕಲ್ಯದ ಸರ್ಟಿಫಿಕೇಟಿಗೆ ಪರೀಕ್ಷೆ ಮಾಡಿದಾಗ ನಲವತ್ತು ಪ್ರಶ್ನೆಗಳಿದ್ದವು, ಪ್ರತಿಯೊಂದಕ್ಕೂ ಒಂದರಿಂದ ಐದು ಅಂಕ. ನಲವತ್ತಕ್ಕೂ ಉತ್ತರ ಹೇಳಿದ್ದು ಅಪ್ಪ.

ಸರ್ಟಿಫಿಕೇಟ್ ಬಂತು. ಗಾರ್ಡಿಯನ್ ಆದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಹಣಕಾಸು ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಇದನ್ನು ಕೇಳಿ ಚಿಕ್ಕಪ್ಪನಿಗೆ ಸಿಟ್ಟು ಬಂತು: "ಹೆತ್ತ ತಾಯಿ ಮಗನ ಖರ್ಚಿಗೆ ಲೆಕ್ಕ ಕೊಡೋದಾ?" ಅಮ್ಮನಿಗೆ ಮಾತ್ರ ಯಾಕೋ ಇದು ಬೇಜಾರಾಗಲಿಲ್ಲ. ಸ್ಟೇಷನರಿ ಅಂಗಡಿಯಿಂದ ಒಂದು ಉದ್ದ ನೋಟ್‌ಬುಕ್ ತಂದಳು.

ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ. ನೀಲಿ ಟೀಶರ್ಟು, ಜಾಥಾ, ಭಾಷಣ ಎಲ್ಲ ಇರುತ್ತೆ. ಈ ಸಲ ನನ್ನನ್ನೂ ಒಂದು ಕಡೆ ಮಾತಾಡೋಕೆ ಕರೆದಿದ್ದಾರೆ, ಸೆಕ್ಷನ್ 14ರ ಆ ಎರಡು ಪ್ರಶ್ನೆಗಳ ಬಗ್ಗೆ ಹೇಳೋಣ ಅಂತಿದ್ದೀನಿ. ಮನೆಯಲ್ಲಿ ಮಾತ್ರ ಏಪ್ರಿಲ್ ಅಂದರೆ ಲೆಕ್ಕದ ತಿಂಗಳು. ನಿನ್ನೆ ಅಮ್ಮನ ನೋಟ್‌ಬುಕ್ ತಿರುವಿ ಹಾಕ್ತಿದ್ದೆ. ಹೇರ್ ಕಟ್ 80, ನೈಲಾನ್ ಹಗ್ಗ ಮತ್ತು ಬಟ್ಟೆ ಕ್ಲಿಪ್ಪು 120, ಚಪ್ಪಲಿ 350, ಮಾರನೇ ದಿನ ಮತ್ತೆ ಚಪ್ಪಲಿ 400. ಮೊದಲನೆಯ ಚಪ್ಪಲಿಯ ಪಕ್ಕ ಸಣ್ಣ ಅಕ್ಷರದಲ್ಲಿ ಕಾರಣವನ್ನೂ ಬರೆದಿದ್ದಾಳೆ: 'ಬೇಡ ಅಂದ.'