ಮೇಜಿನ ಸುತ್ತ ಇಪ್ಪತ್ತು ಮಂದಿ

ಅತಿಥಿಗಳು ಬಾರದಿದ್ದರೆ ಔತಣಕ್ಕೆ ಕಳೆಯಿಲ್ಲ. ಎಣಿಕೆ ಮೀರಿ ಬಂದರೆ ಬಡಿಸುವವನಿಗೆ ಉಸಿರಾಡಲು ಬಿಡುವಿಲ್ಲ. ಹತ್ತು ಜನರನ್ನು ಕೂಡಿಸುವ ಎಲ್ಲ ಕೆಲಸಗಳಿಗೂ ಈ ಇಕ್ಕಟ್ಟು ತಪ್ಪಿದ್ದಲ್ಲ. ಮೇಜಿನ ಸುತ್ತ ಕುಳಿತು, ಒಂದೊಂದು ಪಾತ್ರವನ್ನು ಧರಿಸಿ, ಮಾತಿನಲ್ಲಿಯೇ ಸಾಹಸಗಳನ್ನು ನಡೆಸುವ ಆಟವೊಂದು ಅಮೆರಿಕದಲ್ಲಿ ಬೆಳೆದು ಬಂದಿದೆ. ಅದರ ಬೇರು ಇಂತಹುದೇ ಒಂದು ಇಕ್ಕಟ್ಟಿನಲ್ಲಿದೆಯೆಂಬುದು ಸ್ವಾರಸ್ಯದ ಸಂಗತಿ.

ಆಟದ ಬಗೆ ಹೀಗೆ. ಒಬ್ಬನು ಸೂತ್ರಧಾರ. ಕಾಡು, ಕೋಟೆ, ರಾಕ್ಷಸರಿಂದ ತುಂಬಿದ ಲೋಕವೊಂದನ್ನು ಅವನು ಕಲ್ಪಿಸಿ ವರ್ಣಿಸುತ್ತಾನೆ. ಉಳಿದವರಲ್ಲಿ ಒಬ್ಬ ಯೋಧ, ಒಬ್ಬಳು ಮಾಂತ್ರಿಕೆ, ಮತ್ತೊಬ್ಬ ಕಳ್ಳ. 'ಬಾಗಿಲನ್ನು ಒಡೆಯುತ್ತೇನೆ' ಎಂದು ಯೋಧ ನುಡಿದರೆ ದಾಳ ಉರುಳುತ್ತದೆ. ಬಾಗಿಲು ಒಡೆಯಿತೋ, ಭುಜವೇ ಮುರಿಯಿತೋ, ಸೂತ್ರಧಾರ ತಿಳಿಸುತ್ತಾನೆ.

1969ರಲ್ಲಿ ಮಿನ್ನೆಸೋಟ ರಾಜ್ಯದ ಅವಳಿ ನಗರಗಳಲ್ಲಿ ಯುದ್ಧದಾಟದ ಹವ್ಯಾಸಿಗಳ ತಂಡವೊಂದಿತ್ತು. ಅದರಲ್ಲಿದ್ದ ಡೇವಿಡ್ ವೆಸ್ಲಿ ಎಂಬವರು ನೆಪೋಲಿಯನ್ನನ ಕಾಲದ ಕಾಳಗವೊಂದನ್ನು ಹೂಡಿದರು. ಸೈನ್ಯ ನಡೆಸಲು ಕೆಲವರೇ ಸಾಕು; ಬಂದು ನಿಂತವರು ಇಪ್ಪತ್ತರ ಸಮೀಪ. ವೆಸ್ಲಿ ಯಾರನ್ನೂ ಹಿಂದಿರುಗಿಸಲಿಲ್ಲ. ಎರಡು ಸೈನ್ಯಗಳ ನಡುವೆ ಸಿಕ್ಕಿದ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಊರಿನ ಪುರಪ್ರಮುಖ, ಸಾಹುಕಾರ, ಕುಲಪತಿ, ವಿದ್ಯಾರ್ಥಿ ಎಂದು ಪಾತ್ರಗಳನ್ನು ಹಂಚಿಬಿಟ್ಟರು. ಮುಂದೆ ಆದದ್ದು ಸಂತೆ. ಇಬ್ಬರಿಬ್ಬರು ಮೂಲೆ ಸೇರಿ ಒಳಸಂಚು ಹೂಡಿದರು. ಇನ್ನಿಬ್ಬರು ದ್ವಂದ್ವಯುದ್ಧಕ್ಕೇ ನಿಂತರು. ಕಾಳಗವನ್ನು ಎಲ್ಲರೂ ಮರೆತರು. ಆಟ ಕೆಟ್ಟಿತೆಂದು ವೆಸ್ಲಿ ಬಗೆದರೆ, ಆಡಿದವರು ಮತ್ತೊಮ್ಮೆ ಆಡಿಸಬೇಕೆಂದು ಬೆನ್ನು ಹತ್ತಿದರು. ಆ ಗುಂಪಿನ ಡೇವ್ ಆರ್ನೆಸನ್ 1971ರಲ್ಲಿ 'ಬ್ಲ್ಯಾಕ್‌ಮೂರ್' ಎಂಬ ಲೋಕವನ್ನು ಕಟ್ಟಿ ಆಡಿಸತೊಡಗಿದರು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಅವರೊಡನೆ ಸೇರಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಒಬ್ಬ ಸೂತ್ರಧಾರನಿಗೆ ಸುಮಾರು 20 ಮಂದಿ ಆಟಗಾರರಿರಬಹುದೆಂದು ಅದರ ಮೊದಲ ಪುಸ್ತಿಕೆ ಸೂಚಿಸಿತ್ತು.

ಆದರೆ ಆ ಇಪ್ಪತ್ತು ಮಂದಿಯೂ ಒಂದೇ ಸಂಜೆ ಕುಳಿತರೆ? ನಾಲ್ಕು ಗಂಟೆಯ ಆಟದಲ್ಲಿ ಅರ್ಧ ಹೊತ್ತು ಸೂತ್ರಧಾರನ ಮಾತಿಗೆ ಸಂದಿತೆನ್ನೋಣ. ಉಳಿದ 120 ನಿಮಿಷಗಳಲ್ಲಿ ಆರು ಮಂದಿಗೆ ತಲಾ 20 ನಿಮಿಷ. ಹನ್ನೆರಡು ಮಂದಿಗೆ 10. ಇಪ್ಪತ್ತು ಮಂದಿಗೆ ಬರಿಯ 6. ಅದೂ ಸಮನಾಗಿ ಹಂಚಿದರೆ! ಗಟ್ಟಿದನಿಯವನು ತನ್ನ ಪಾಲನ್ನಲ್ಲದೆ ನೆರೆಯವನದನ್ನೂ ನುಂಗುತ್ತಾನೆ. ಮೆತ್ತಗಿನವನು ಎರಡು ಬಾರಿ ಬಾಯಿ ತೆರೆದು, ಎರಡು ಬಾರಿಯೂ ಮುಚ್ಚಿ, ದಾಳವನ್ನು ಬೆರಳುಗಳ ನಡುವೆ ತಿರುಗಿಸುತ್ತಾ ಕೂರುತ್ತಾನೆ. ಮುಂದಿನ ವಾರ ತಲೆನೋವೆಂದು ಹೇಳಿಕಳುಹಿಸುತ್ತಾನೆ. ಅದರ ಮುಂದಿನ ವಾರ ಹೇಳಿಕಳುಹಿಸುವುದೂ ಇಲ್ಲ.

'ಯಾರನ್ನೂ ಬೇಡವೆನ್ನಲಾರೆ' ಎನ್ನುವ ಸೂತ್ರಧಾರನ ಔದಾರ್ಯ ಇಲ್ಲಿಯೇ ಸೋಲುವುದು. ಅವನು ಯಾರನ್ನೂ ಕಳುಹಿಸದಿದ್ದರೂ ಕಿಕ್ಕಿರಿದ ಮೇಜು ಕಳುಹಿಸುತ್ತದೆ; ಅದು ಕಳುಹಿಸುವುದು ಯಾವಾಗಲೂ ಸಂಕೋಚದವರನ್ನೇ.

ಇದಕ್ಕೆ ಹಲವು ಮದ್ದುಗಳನ್ನು ಕಂಡುಕೊಂಡಿದ್ದಾರೆ. ತಂಡದ ಪರವಾಗಿ ಒಬ್ಬನೇ ಸೂತ್ರಧಾರನೊಡನೆ ಮಾತನಾಡುವ ಪದ್ಧತಿ ಹಿಂದೆ ಬಳಕೆಯಲ್ಲಿತ್ತು. ಅದರಿಂದ ಗದ್ದಲ ತಗ್ಗಿದರೂ ಮೌನಿಯ ಮೌನ ಮುರಿಯದು. 1970ರ ದಶಕದಲ್ಲಿ ಗೈಗ್ಯಾಕ್ಸ್ ತಮ್ಮ ಆಟಕ್ಕೆ ರಾಬರ್ಟ್ ಕುಂಟ್ಜ್ ಅವರನ್ನು ಜೊತೆ ಸೂತ್ರಧಾರರನ್ನಾಗಿ ಸೇರಿಸಿಕೊಂಡರು. ಬೆನ್ ರಾಬಿನ್ಸ್ ಎಂಬವರು 2007ರಲ್ಲಿ ವಿವರಿಸಿದ 'ವೆಸ್ಟ್ ಮಾರ್ಚಸ್' ಪದ್ಧತಿ ಇನ್ನೂ ಜಾಣತನದ್ದು. ಅಲ್ಲಿ ಗೊತ್ತಾದ ದಿನವಿಲ್ಲ, ಗೊತ್ತಾದ ತಂಡವಿಲ್ಲ. ಯಾರು ಯಾರೊಡನೆ ಎಂದು ಎತ್ತ ಹೊರಡಬೇಕೆಂಬುದನ್ನು ಆಟಗಾರರೇ ನಿಶ್ಚಯಿಸಿ ಸೂತ್ರಧಾರನಿಗೆ ತಿಳಿಸುತ್ತಾರೆ. ಪ್ರತಿಯೊಂದು ಸಾಹಸವೂ ಊರಿನಿಂದ ಹೊರಟು ಅದೇ ಸಂಜೆ ಊರಿಗೆ ಮರಳಬೇಕು. ಆದ್ದರಿಂದ ಮುಂದಿನ ಬಾರಿ ಬೇರೆಯವರು ಹೊರಡಬಹುದು. ಒಬ್ಬರು ಬಿಟ್ಟುಬಂದ ಗುಹೆಯನ್ನು ಇನ್ನೊಬ್ಬರು ಹೊಗುತ್ತಾರೆ. ಒಬ್ಬರು ಬರೆದ ನಕ್ಷೆ ಎಲ್ಲರಿಗೂ ನೆರವಾಗುತ್ತದೆ. ಲೋಕ ಒಂದೇ, ಮೇಜು ಮಾತ್ರ ಚಿಕ್ಕದು.

ಇಷ್ಟಕ್ಕೂ ಧೈರ್ಯವಿಲ್ಲದ ಸೂತ್ರಧಾರ ತಂಡವನ್ನು ಎರಡಾಗಿ ಒಡೆದರೂ ಸಾಕು. ಆದರೆ ಜಾಣರು ಇತ್ತ, ಮಂದರು ಅತ್ತ ಎಂದು ಅವನೇ ಆರಿಸಕೂಡದು. ಆರಿಸಿದರೆ ಸ್ನೇಹ ಕೆಡುತ್ತದೆ. ಮಂಗಳವಾರ, ಶನಿವಾರಗಳನ್ನು ಮುಂದಿಟ್ಟು, ಒಗ್ಗಿದ ದಿನವನ್ನು ಅವರವರೇ ಆರಿಸಿಕೊಳ್ಳಲಿ. ಎರಡನೆಯ ಪಂಕ್ತಿಯಲ್ಲಿ ಕೂರುವುದು ಯಾರಿಗೂ ಅವಮಾನವಲ್ಲ, ಅನ್ನ ಬಿಸಿಯಾಗಿದ್ದರೆ. ಹೊಸ ಮೇಜಿನ ಮೊದಲ ಸಂಜೆ, ಮೂರು ವಾರ ಬಾರದಿದ್ದ ಆ ಮೆತ್ತಗಿನವನನ್ನು ಕರೆದು ಕೂರಿಸಿ, 'ಬಾಗಿಲು ಮುಚ್ಚಿದೆ. ನೀನು ಏನು ಮಾಡುತ್ತೀಯೆ?' ಎಂದು ಮೊದಲು ಅವನನ್ನೇ ಕೇಳಬೇಕು. ಉತ್ತರ ಬರುವ ತನಕ ಕಾಯಬೇಕು.